ಮನೆಯ ಕೋಣೆಯಿಂದ ಆಕಾಶಕ್ಕೆ: ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿ

ದುಬೈಯಲ್ಲಿರುವ ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು ಹೋಗುತ್ತದೆ, ಫೋಟೋ ಹೋಗುತ್ತದೆ, ವಾಯ್ಸ್ ನೋಟೂ ಹೋಗುತ್ತದೆ. ಕಾಲ್ ಮಾತ್ರ ಹೋಗುವುದಿಲ್ಲ. ಮನೆಯಲ್ಲಿ ಉಮ್ಮ ಫೋನೇ ಹಾಳಾಗಿದೆ ಎಂದುಕೊಳ್ಳುತ್ತಾರೆ. ಹಾಳಾದದ್ದು ಫೋನಲ್ಲ. ಅಲ್ಲಿನ ಕಾನೂನು ಬೇರೆ ಉಂಟು, ಅಷ್ಟೇ. ಯುಎಇಯಲ್ಲಿ ಇಂಟರ್‌ನೆಟ್ ಮೂಲಕ ಮಾತಾಡಿಸುವ ಸೇವೆಗೆ ಅಲ್ಲಿನ ದೂರಸಂಪರ್ಕ ಪ್ರಾಧಿಕಾರದ ಒಪ್ಪಿಗೆ ಬೇಕು. ಅದಕ್ಕೇ ಅಲ್ಲಿರುವವರು ಬೋಟಿಮ್‌ನಂತಹ ಒಪ್ಪಿಗೆ ಪಡೆದ ಆ್ಯಪ್ ಹಾಕಿಕೊಳ್ಳುವುದು. ಸೌದಿ ಅರೇಬಿಯಾ 2017ರಲ್ಲಿ ಇಂಥ ನಿರ್ಬಂಧವನ್ನು ಸಡಿಲಿಸಿತು.

ಮಾತು ನಮ್ಮದು, ಅದು ಹೋಗುವ ದಾರಿ ಇನ್ನೊಬ್ಬರ ಕೈಯಲ್ಲಿ. ಇದು ಈಗ ಹುಟ್ಟಿದ ಸಂಗತಿಯಲ್ಲ. ರೇಡಿಯೊ ಬಂದ ದಿನದಿಂದಲೂ ಉಂಟು. ಆ ದಾರಿಯಲ್ಲಿ ತನ್ನ ಸ್ವಂತ ದುಡ್ಡು ಹಾಕಿ, ಮನೆಯೊಳಗಿಂದಲೇ ಇಡೀ ಊರಿಗೆ ಮಾತು ಕೇಳಿಸಿದ ಒಬ್ಬ ಮೇಷ್ಟ್ರು ನಮ್ಮ ನಾಡಿನಲ್ಲಿದ್ದರು. ಹೆಸರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರನ್ನು ಮರೆತವರೂ ಅವರ ಮನೆಯಿಂದ ಹೊರಟ ಒಂದು ಶಬ್ದವನ್ನು ಇವತ್ತಿಗೂ ಬಳಸುತ್ತಾರೆ: ಆಕಾಶವಾಣಿ.

ಮನಸ್ಸಿನ ಮೇಷ್ಟ್ರು

ಗೋಪಾಲಸ್ವಾಮಿ ಹುಟ್ಟಿದ್ದು 1896ರಲ್ಲಿ, ಮದ್ರಾಸಿನಲ್ಲಿ. ಅವರು ರೇಡಿಯೊ ಇಂಜಿನಿಯರ್ ಅಲ್ಲ, ಓದಿದ್ದು ಮನಃಶಾಸ್ತ್ರ. ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯ ಅಳತೆಯ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಊರಿಗೆ ಮರಳಿ ಮೈಸೂರು ವಿಶ್ವವಿದ್ಯಾನಿಲಯ ಸೇರಿದರು. 1924ರಲ್ಲಿ ಅಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ಭಾರತದಲ್ಲಿ ಅದಕ್ಕಿಂತ ಮೊದಲು ಅಂಥ ವಿಭಾಗ ಇದ್ದದ್ದು ಕಲ್ಕತ್ತೆಯಲ್ಲಿ ಮಾತ್ರ. ಮೈಸೂರಿನ ವಿಭಾಗವನ್ನು ಕಟ್ಟಿ ಬೆಳೆಸಿದವರು ಗೋಪಾಲಸ್ವಾಮಿ. ಮುಂದೆ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಮನಸ್ಸಿನ ವಿಷಯ ಓದಿದವನಿಗೆ ರೇಡಿಯೊ ಯಾಕೆ ಬೇಕಿತ್ತು ಎಂದು ಕೇಳಬಹುದು. ಆಗಿನ ಕಾಲವನ್ನು ನೆನೆದರೆ ಉತ್ತರ ಸಿಗುತ್ತದೆ. ಹೆಚ್ಚಿನವರಿಗೆ ಓದಲು ಬಾರದು. ಪತ್ರಿಕೆ, ಪುಸ್ತಕ ಮುಟ್ಟದ ಮನೆಯನ್ನೂ ಧ್ವನಿ ಮುಟ್ಟುತ್ತದೆ. ಜನರ ಮನಸ್ಸನ್ನು ಅರಿಯಲು ಹೊರಟ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ತರಗತಿ ಇನ್ನೆಲ್ಲಿ?

30 ವ್ಯಾಟಿನ ಧ್ವನಿ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಗೋಪಾಲಸ್ವಾಮಿ ಪ್ರಸಾರ ಶುರು ಮಾಡಿದರು. ಈಗಿನ ಮೈಸೂರು ಆಕಾಶವಾಣಿ ಕಟ್ಟಡದಿಂದ ಆ ಮನೆ ಕೂಗಳತೆಯ ದೂರದಲ್ಲಿದೆ. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ 40 ವ್ಯಾಟಿನ ಹಳದಿ ಬಲ್ಬಿಗಿಂತಲೂ ಕಡಿಮೆ! ಆಮೇಲೆ 250 ವ್ಯಾಟಿನ ಯಂತ್ರ ಬಂತು. ಸಂಗೀತ, ಭಾಷಣ, ಕವಿತೆ ಎಲ್ಲವೂ ಅಲ್ಲಿಂದ ಹೊರಟವು. ಆ ಮೈಕಿನ ಮುಂದೆ ಕವಿತೆ ಓದಿದವರಲ್ಲಿ ಕುವೆಂಪು ಕೂಡ ಒಬ್ಬರು.

ಹೆಸರಿನ ಕಥೆಯೂ ಚಂದ ಉಂಟು. ಆಕಾಶವಾಣಿ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಪ್ರಸಿದ್ಧಿ. ಮೈಸೂರಿನಲ್ಲಿ ಪಾಠ ಹೇಳುತ್ತಿದ್ದ, ಕನ್ನಡದಲ್ಲಿ ನಗೆಬರಹ ಬರೆದು ಹೆಸರಾದ ಈ ಕಸ್ತೂರಿ ಹುಟ್ಟಿದ್ದು ಕೇರಳದ ತ್ರಿಪ್ಪುಣಿತ್ತುರದಲ್ಲಿ. ಮನೆಮಾತು ಮಲಯಾಳಂ. ಮನೆಯಲ್ಲಿ ಒಂದು ಭಾಷೆ, ಬರವಣಿಗೆಗೆ ಇನ್ನೊಂದು ಭಾಷೆ ಇಟ್ಟುಕೊಂಡು ಬದುಕುವ ನಮಗೆ ಇಂಥವರು ಅಪರಿಚಿತರೇನಲ್ಲ.

ಗಾಳಿಗೂ ಕಾವಲು

ಆ ಕಾಲದಲ್ಲಿ ರೇಡಿಯೊ ನಡೆಸುವುದು ಆಟವಲ್ಲ. ಎರಡು ಕಷ್ಟಗಳಿದ್ದವು. ಒಂದು ದುಡ್ಡು, ಇನ್ನೊಂದು ಕಾನೂನು.

ದುಡ್ಡಿನ ಕಥೆ ಬೊಂಬಾಯಿಯಲ್ಲೇ ಗೊತ್ತಾಗಿತ್ತು. 1927ರ ಜುಲೈಯಲ್ಲಿ ಅಲ್ಲಿ ಶುರುವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಮೂರೇ ವರ್ಷದಲ್ಲಿ ಮುಳುಗಿತು. ರೇಡಿಯೊ ಇಟ್ಟುಕೊಂಡವರು ಕಟ್ಟುವ ಲೈಸೆನ್ಸ್ ಶುಲ್ಕದಿಂದ ಕಂಪೆನಿ ನಡೆಯಬೇಕಿತ್ತು, ಆದರೆ ಅಷ್ಟು ರೇಡಿಯೊಗಳೇ ಇರಲಿಲ್ಲ. ಕೊನೆಗೆ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಕಂಪೆನಿಯೇ ಸೋತ ಜಾಗದಲ್ಲಿ ಒಬ್ಬ ಮೇಷ್ಟ್ರು ತಮ್ಮ ಜೇಬಿನಿಂದ ನಡೆಸಲು ಹೊರಟದ್ದು.

ಇನ್ನು ಕಾನೂನು. 1885ರ ಟೆಲಿಗ್ರಾಫ್ ಕಾಯ್ದೆ ಸಂದೇಶ ಕಳಿಸುವ ಹಕ್ಕನ್ನು ಸರ್ಕಾರದ ಕೈಯಲ್ಲೇ ಇಟ್ಟಿತ್ತು. 1933ರ ವೈರ್‌ಲೆಸ್ ಕಾಯ್ದೆ ಇನ್ನೂ ಮುಂದೆ ಹೋಗಿ, ಲೈಸೆನ್ಸ್ ಇಲ್ಲದೆ ರೇಡಿಯೊ ಯಂತ್ರ ಮನೆಯಲ್ಲಿಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಇದು ಬ್ರಿಟಿಷ್ ಇಂಡಿಯಾದ ಕಾನೂನು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯಲ್ಲಿದ್ದುದರಿಂದ ನಮ್ಮ ಹಿರಿಯರು ಇದರ ಕೆಳಗೇ ಇದ್ದರು. ಮೈಸೂರು ಮಾತ್ರ ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಓದು, ಕೈಗಾರಿಕೆ, ಹೊಸ ಪ್ರಯೋಗಗಳಿಗೆ ಹೆಸರಾಗಿದ್ದ ಆ ಸಂಸ್ಥಾನದ ನೆರಳಿನಲ್ಲಿ ಖಾಸಗಿ ಮನೆಯ ರೇಡಿಯೊ ಉಸಿರಾಡಿತು. ಅತ್ತ ದಿಲ್ಲಿಯಲ್ಲಿ ಸರ್ಕಾರದ ರೇಡಿಯೊ ಕಟ್ಟಲು ಬಿಬಿಸಿಯ ಲಯೊನೆಲ್ ಫೀಲ್ಡನ್ ಬಂದಿಳಿದದ್ದು ಅದೇ 1935ರ ಆಗಸ್ಟ್ ಕೊನೆಗೆ. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ.

ಕಾವಲು ಪೂರಾ ತಪ್ಪು ಎಂದು ಹೇಳಲಾಗದು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಮಾತಾಡಿದರೆ ಇಬ್ಬರದ್ದೂ ಕೇಳುವುದಿಲ್ಲ, ಮೀನು ಮಾರ್ಕೆಟಿನ ಗಲಾಟೆಯ ಹಾಗೆ. ಕೊಲ್ಲಿಯಲ್ಲಿ ಇದು ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಕಡಲ ಮೇಲೆ ತೇವದ ಗಾಳಿ, ಅದರ ಮೇಲೆ ಬಿಸಿ ಒಣಗಾಳಿ ಪದರ ಪದರವಾಗಿ ನಿಂತಾಗ ರೇಡಿಯೊ ಅಲೆಗಳು ಕೊಳವೆಯಲ್ಲಿ ಹರಿದ ಹಾಗೆ ನೂರಾರು ಕಿಲೋಮೀಟರ್ ಸಾಗುತ್ತವೆ. ಈ ದಡದ ಎಫ್‌ಎಂ ಆ ದಡದಲ್ಲಿ ಕೇಳುತ್ತದೆ, ಅಲ್ಲಿಯದ್ದನ್ನು ಕೆಡಿಸುತ್ತದೆ. ಅದಕ್ಕೆ ದೇಶದೇಶಗಳು ಕೂತು ಫ್ರೀಕ್ವೆನ್ಸಿ ಹಂಚಿಕೊಳ್ಳಲೇಬೇಕು. ಲೋಕದ ಎಲ್ಲ ದೇಶಗಳ ಅಂಥ ರೇಡಿಯೊ ಸಮ್ಮೇಳನ 2023ರಲ್ಲಿ ನಡೆದದ್ದು ದುಬೈಯಲ್ಲೇ. ಹಂಚುವವರು ಬೇಕು, ಸರಿ. ಹಂಚುವಾಗ ಸಣ್ಣವರಿಗೆ ಒಂದು ಪಾಲು ಉಂಟಾ ಇಲ್ಲವಾ ಎಂಬುದೇ ಪ್ರಶ್ನೆ.

ಬಿಟ್ಟುಕೊಟ್ಟ ಮೇಷ್ಟ್ರು

ಆರು ವರ್ಷ ಗೋಪಾಲಸ್ವಾಮಿ ಈ ಭಾರ ಹೊತ್ತರು. ಒಬ್ಬನ ಸಂಬಳದಲ್ಲಿ ಸಾಗುವ ಕೆಲಸ ಅದಾಗಿರಲಿಲ್ಲ. 1941ರಲ್ಲಿ ಮೈಸೂರು ನಗರಸಭೆ ಅದನ್ನು ವಹಿಸಿಕೊಂಡಿತು. 1942ರ ಜನವರಿಯಲ್ಲಿ ಸಂಸ್ಥಾನದ ಸರ್ಕಾರಕ್ಕೆ ಹೋಯಿತು.

ಯುದ್ಧದ ಕಾಲ ಅದು. ಬ್ರಿಟಿಷ್ ಇಂಡಿಯಾದಲ್ಲಿ ಹವ್ಯಾಸಿ ರೇಡಿಯೊದವರ ಪ್ರಸಾರವನ್ನು 1939ರಲ್ಲೇ ನಿಲ್ಲಿಸಿದ್ದರು. ಅದೇ 1942ರಲ್ಲಿ ಬೊಂಬಾಯಿಯಲ್ಲಿ ಉಷಾ ಮೆಹ್ತಾ ಎಂಬ ಹುಡುಗಿ ಮತ್ತು ಗೆಳೆಯರು ಕ್ವಿಟ್ ಇಂಡಿಯಾ ಚಳವಳಿಗಾಗಿ ಗುಟ್ಟಾಗಿ ರೇಡಿಯೊ ನಡೆಸಿದರು. ಮೂರು ತಿಂಗಳೊಳಗೆ ಪೊಲೀಸರು ಹಿಡಿದರು, ಆಕೆ ನಾಲ್ಕು ವರ್ಷ ಜೈಲಿಗೆ ಹೋದರು. ಆಳುವವರಿಗೆ ಧ್ವನಿಯ ಭಯ ಎಷ್ಟಿತ್ತೆಂದು ಇದರಲ್ಲೇ ತಿಳಿಯುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ, 1950ರ ಏಪ್ರಿಲ್‌ನಲ್ಲಿ, ಮೈಸೂರಿನ ಆಕಾಶವಾಣಿ ಆಲ್ ಇಂಡಿಯಾ ರೇಡಿಯೊದೊಳಗೆ ಸೇರಿತು. 1955ರ ನವೆಂಬರ್‌ನಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬರಲು 1974ರ ತನಕ ಕಾಯಬೇಕಾಯಿತು. ಯಂತ್ರ ಹೋಯಿತು, ನಿಲಯ ಹೋಯಿತು, ಹೆಸರು ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, 1957ರಲ್ಲಿ ಇಡೀ ದೇಶದ ರೇಡಿಯೊಗೆ ಆ ಹೆಸರೇ ಆಯಿತು. ಗೋಪಾಲಸ್ವಾಮಿ ತೀರಿಕೊಂಡದ್ದೂ ಅದೇ ವರ್ಷ.

ಕೋಲಾರದಲ್ಲಿ ಕೇಳಿದ ಧ್ವನಿ

ಮೇಷ್ಟ್ರು ಬಿಟ್ಟುಹೋದ ಪ್ರಶ್ನೆ ಅವರ ಜೊತೆ ಮುಗಿಯಲಿಲ್ಲ. ಸ್ವತಂತ್ರ ಭಾರತದಲ್ಲೂ ಸರ್ಕಾರ ಬಿಟ್ಟರೆ ಬೇರೆಯವರಿಗೆ ರೇಡಿಯೊ ಪ್ರಸಾರ ದಶಕಗಟ್ಟಲೆ ಸಿಗಲಿಲ್ಲ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ರೇಡಿಯೊ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ಕೊಟ್ಟಿತು. ತೀರ್ಪು ಬಂದರೂ ಹಳ್ಳಿಗೆ ರೇಡಿಯೊ ಬರಲಿಲ್ಲ.

ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ಕ್ರಿ.ಶ. 757ರ ತಾಮ್ರಶಾಸನ ಸಿಕ್ಕಿದೆ. ಚಾಲುಕ್ಯ ದೊರೆ ಎರಡನೇ ಕೀರ್ತಿವರ್ಮನ ದಾನಪತ್ರ ಅದು. ನೆಲ ಯಾರಿಗೆ ಸೇರಿದ್ದೆಂದು ತಾಮ್ರದ ಮೇಲೆ ಬರೆದಿಡಬಹುದು. ಗಾಳಿ ಯಾರಿಗೆ ಸೇರಿದ್ದೆಂದು ಯಾರು ಬರೆಯುವುದು? ಈ ಪ್ರಶ್ನೆಯನ್ನು ಅದೇ ಜಿಲ್ಲೆಯ ಬೂದಿಕೋಟೆ ಎದುರಿಸಿತು. ಹೈದರಾಲಿ ಹುಟ್ಟಿದ ಊರೆಂದು ನಮಗೆಲ್ಲ ಗೊತ್ತಿರುವ ಬೂದಿಕೋಟೆ ಅದು. 2000ದ ನಂತರದ ಮೊದಲ ವರ್ಷಗಳಲ್ಲಿ ಅಲ್ಲಿನವರು ನಮ್ಮ ಧ್ವನಿ ಎಂಬ ಸಮುದಾಯ ರೇಡಿಯೊ ಕಟ್ಟಿದರು. ಸ್ವಸಹಾಯ ಸಂಘದ ಹೆಂಗಸರೂ ಕಾರ್ಯಕ್ರಮ ಮಾಡುತ್ತಿದ್ದರು. ಮೈರಾಡ, ವಾಯ್ಸಸ್ ಸಂಸ್ಥೆಗಳ ಮತ್ತು ಯುನೆಸ್ಕೊದ ನೆರವಿತ್ತು. ಗಾಳಿಯಲ್ಲಿ ಪ್ರಸಾರಕ್ಕೆ ಮಾತ್ರ ಅನುಮತಿ ಇಲ್ಲ! ಅದಕ್ಕೆ ಅವರು ಟಿವಿ ಕೇಬಲಿನ ತಂತಿಯೊಳಗೇ ಧ್ವನಿ ಕಳಿಸಿ ಮನೆಮನೆಗೆ ಮುಟ್ಟಿಸಿದರು. ಆಕಾಶದಲ್ಲಿ ಜಾಗ ಸಿಗದವರು ತಂತಿ ಹಿಡಿದು ನಡೆದರು.

2002ರ ಕೊನೆಗೆ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಸಮುದಾಯ ರೇಡಿಯೊ ಬಿಟ್ಟುಕೊಟ್ಟಿತು. 2006ರಲ್ಲಿ ಜನರ ಸಂಘಸಂಸ್ಥೆಗಳಿಗೂ ಕೊಟ್ಟಿತು. ನೂರು ವ್ಯಾಟಿನ ಮಿತಿ, ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್‌ಗೆ ಕೇಳುವಷ್ಟು. ಸ್ವಂತವಾಗಿ ಸುದ್ದಿ ಓದುವ ಹಾಗಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೊ ಸಾರಂಗ್ 107.8 ಶುರುವಾದದ್ದು 2009ರಲ್ಲಿ. ಕನ್ನಡ, ತುಳು, ಕೊಂಕಣಿಯ ಜೊತೆ ಬ್ಯಾರಿ ಮಾತೂ ಅಲ್ಲಿ ಕೇಳಿದೆ.

ಬ್ಯಾರಿಯಂತಹ ಬಾಯಿಮಾತಿನ ಭಾಷೆಗೆ ರೇಡಿಯೊ ಎಂದರೆ ದೊಡ್ಡ ಸಂಗತಿ. ಅಕ್ಷರದಲ್ಲಿ ಹೆಚ್ಚು ಬರೆಯದೆ ನಾಲಗೆಯಲ್ಲೇ ಬೆಳೆದ ಭಾಷೆ ಇದು. ಗಾಳಿಯಲ್ಲಿ ಅದಕ್ಕೊಂದು ಜಾಗ ಸಿಗಬೇಕಾದರೆ ಯಾರೋ ಅರ್ಜಿ ಹಾಕಬೇಕು, ಯಾರೋ ಒಪ್ಪಬೇಕು, ಮತ್ತೆ ಯಾರೋ ದಿನಾ ಕೂತು ನಡೆಸಬೇಕು. ಮೊದಲ ಎರಡು ಕೆಲಸಕ್ಕೆ ಈಗ ಕಾನೂನಿನ ದಾರಿ ಉಂಟು. ಮೂರನೆಯದಕ್ಕೆ ಬೇಕಾದದ್ದು ಗೋಪಾಲಸ್ವಾಮಿಯಂಥವರು. ಅವರ ಬಳಿ ಇದ್ದದ್ದು ಒಂದು ಮನೆ, ಮೇಷ್ಟ್ರ ಸಂಬಳ ಮತ್ತು 30 ವ್ಯಾಟಿನ ಒಂದು ಯಂತ್ರ.