ಚೀನೀ ಭಾಷೆಯ ವಿದ್ಯಾರ್ಥಿ ರಾಬರ್ಟ್ ಮಾರಿಸನ್ನರು

ಪರಭಾಷೆಯನ್ನು ಪುಸ್ತಕದಿಂದ ಕಲಿಯುವುದು ಒಂದು ಬಗೆ. ಆ ಭಾಷೆಯನ್ನಾಡುವ ಜನರ ನಡುವೆ ಹೋಗಿ ಬಾಳುತ್ತ ಕಲಿಯುವುದು ಇನ್ನೊಂದು ಬಗೆ. ತುಳು, ಕೊಂಕಣಿ, ತೆಲುಗು ಮನೆಮಾತಾಗಿರುವ ಬಾಲಕಿಯರು ನಮ್ಮ ವಸತಿಗೃಹಕ್ಕೆ ಬಂದ ಮೊದಲ ವಾರಗಳಲ್ಲಿ ಮೂಲೆಯಲ್ಲಿ ಮೌನವಾಗಿ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಬುದ್ಧಿ ಸಾಲದೆ ಅವರು ಸುಮ್ಮನಿರುವುದಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳುವುದಕ್ಕೆ ಮಾತು ಒದಗದೆ ಸುಮ್ಮನಿರುತ್ತಾರೆ. ಇಂಥ ಮೌನವನ್ನು ವರುಷಗಟ್ಟಲೆ ಅನುಭವಿಸಿ, ಕಡೆಗೆ ಒಂದು ಮಹಾ ಜನಾಂಗದ ಭಾಷೆಗೆ ನಿಘಂಟನ್ನು ರಚಿಸಿದ ರಾಬರ್ಟ್ ಮಾರಿಸನ್ನರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಮಾರಿಸನ್ನರು 1782ನೆಯ ಇಸವಿ ಜನವರಿ 5ರಂದು ಉತ್ತರ ಇಂಗ್ಲೆಂಡಿನ ಮಾರ್ಪೆತ್ ಎಂಬ ಊರಿನ ಬಳಿಯಲ್ಲಿ ಬಡ ಕುಟುಂಬದ ಎಂಟು ಮಕ್ಕಳಲ್ಲಿ ಕಿರಿಯವರಾಗಿ ಹುಟ್ಟಿದರು. ಪಾದರಕ್ಷೆ ಮಾಡುವವರಿಗೆ ಬೇಕಾದ ಮರದ ಅಚ್ಚುಗಳನ್ನು ಕೆತ್ತುವುದು ಮನೆಯ ಕಸುಬು; ಬಾಲಕನೂ ಅದನ್ನೇ ಕಲಿತನು. ಹನ್ನೆರಡನೆಯ ವಯಸ್ಸಿನಲ್ಲಿ ಆತನು 119ನೆಯ ಕೀರ್ತನೆಯನ್ನು ಆದ್ಯಂತವಾಗಿ ಬಾಯಿಪಾಠ ಒಪ್ಪಿಸಿದನಂತೆ. ಆ ಕೀರ್ತನೆಗೆ 176 ವಚನಗಳಿವೆಯೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ತಾನು ಜೀವಿಸಿರುವ ತನಕ ದೂರದೇಶಕ್ಕೆ ಹೋಗಕೂಡದೆಂದು ತಾಯಿಯು ಬೇಡಿಕೊಂಡಿದ್ದಳು. ಮಗನು ಆ ಮಾತನ್ನು ನಡಿಸಿದನು. ಆಕೆಯು 1802ರಲ್ಲಿ ತೀರಿಹೋದ ತರುವಾಯ ಮಾರಿಸನ್ನರು ಲಂಡನ್ ಮಿಶನರಿ ಸಂಘವನ್ನು ಸೇರಿದರು. ಬಳ್ಳಾರಿಗೆ 1810ರಲ್ಲಿ ಬಂದು ಕನ್ನಡವನ್ನು ಕಲಿತು ಸತ್ಯವೇದವನ್ನು ನಮ್ಮ ನುಡಿಗೆ ತಿರುಗಿಸುವುದರಲ್ಲಿ ದುಡಿದ ಜಾನ್ ಹ್ಯಾಂಡ್ಸರನ್ನು ಕಳುಹಿಸಿದ್ದೂ ಇದೇ ಸಂಘವು.

ಸಂಘದವರು ಮಾರಿಸನ್ನರಿಗೆ ನೇಮಿಸಿದ ಕೆಲಸವು ಚೀನೀ ಭಾಷೆಯನ್ನು ಕಲಿತು ನಿಘಂಟನ್ನೂ ಸತ್ಯವೇದದ ಭಾಷಾಂತರವನ್ನೂ ಮಾಡುವುದಾಗಿತ್ತು. ಆದರೆ ಕಲಿಸುವವರು ಯಾರು? ಲಂಡನ್ನಿನಲ್ಲಿ ಯೊಂಗ್ ಸಾಮ್ ತಕ್ ಎಂಬ ಕ್ಯಾಂಟನ್ನಿನ ಯುವಕನು ದೊರಕಿದನು. ಒಂದು ದಿವಸ ಶಿಷ್ಯರು ಅಕ್ಷರಗಳನ್ನು ಬರೆದಿದ್ದ ಕಾಗದವನ್ನು ಉಪಯೋಗ ತೀರಿತೆಂದು ಬೆಂಕಿಗೆ ಹಾಕಿದರು. ಬರೆದ ಕಾಗದವನ್ನು ಆ ಕಾಲದ ಚೀನೀಯರು ಪೂಜ್ಯವೆಂದೆಣಿಸುತ್ತಿದ್ದರು. ಗುರುವು ಕೋಪಗೊಂಡು ಮೂರು ದಿವಸ ಪಾಠವನ್ನೇ ಹೇಳಲಿಲ್ಲ. ಕಾಗದಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ನಾಡಿನವರಿಗೆ ಈ ಕೋಪವು ವಿಚಿತ್ರವಾಗಿ ತೋರದು. ಅಂದಿನಿಂದ ಮಾರಿಸನ್ನರು ಒರಸಿ ಬರೆಯಬಹುದಾದ ತಗಡಿನ ಮೇಲೆ ಅಕ್ಷರಗಳನ್ನು ಅಭ್ಯಾಸಮಾಡಿದರು. ಒಂದು ಜನಾಂಗದ ಮಾತನ್ನು ಕಲಿಯುವವನು ಅದರ ಮನಸ್ಸನ್ನೂ ಕಲಿಯಬೇಕೆಂಬ ಮೊದಲನೆಯ ಪಾಠವು ಅವರಿಗೆ ಹೀಗೆ ದೊರೆಯಿತು.

ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಮಿಶನರಿಗಳಿಗೆ ಎಡೆಯಿರಲಿಲ್ಲವಾದುದರಿಂದ ಅವರು ಅಮೇರಿಕವನ್ನು ಸುತ್ತಿಕೊಂಡು 1807ನೆಯ ಸೆಪ್ಟೆಂಬರಿನಲ್ಲಿ ಕ್ಯಾಂಟನ್ನನ್ನು ಮುಟ್ಟಿದರು. ಆ ಪಟ್ಟಣದ ಹೊರಗೆ ನದೀತೀರದಲ್ಲಿದ್ದ ಕೋಠಿಗಳಲ್ಲಿ ಮಾತ್ರವೇ, ಅದೂ ವ್ಯಾಪಾರದ ತಿಂಗಳುಗಳಲ್ಲಿ ಮಾತ್ರವೇ, ಪರದೇಶದ ವರ್ತಕರು ಇರಬಹುದಾಗಿತ್ತು. ಪರದೇಶದ ಹೆಂಗಸರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಪರಕೀಯರಿಗೆ ಚೀನೀ ಭಾಷೆಯನ್ನು ಕಲಿಸುವವನಿಗೆ ಮರಣದಂಡನೆಯಾಗುವ ಭಯವಿತ್ತು. ಫ್ಲಿಂಟ್ ಎಂಬ ಆಂಗ್ಲ ವರ್ತಕನಿಗೆ ಚೀನೀ ಭಾಷೆಯಲ್ಲಿ ಮನವಿಯನ್ನು ಬರೆಯಲು ನೆರವಾದ ಚೀನೀಯನೊಬ್ಬನ ತಲೆಯು 1759ರಲ್ಲಿ ಉರುಳಿದ್ದನ್ನು ಆ ಊರು ಮರೆತಿರಲಿಲ್ಲ.

ಆದರೂ ಕಲಿಸುವವರು ದೊರೆತರು. ಪೆಕಿಂಗಿನ ಕಡೆಯ ಮಾತನ್ನಾಡುತ್ತಿದ್ದ, ಲ್ಯಾಟಿನ್ ಬಲ್ಲ ಆಬೆಲ್ ಯುನ್ ಎಂಬ ಕಥೋಲಿಕ ಕ್ರೈಸ್ತನು ಅವರಲ್ಲಿ ಒಬ್ಬನು. ಹಿಡಿಯಲ್ಪಟ್ಟರೆ ಹಿಂಸೆಗೆ ಗುರಿಯಾಗುವುದಕ್ಕಿಂತ ಸಾಯುವುದೇ ಲೇಸೆಂದು ಮತ್ತೊಬ್ಬ ಗುರುವು ಸದಾ ತನ್ನ ಬಳಿಯಲ್ಲಿ ವಿಷವನ್ನು ಇಟ್ಟುಕೊಂಡಿದ್ದನೆಂದು ಹೇಳುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಪಾಠವು ನಡೆಯುತ್ತಿತ್ತು. ತಪ್ಪಿದರೆ ಶಿಷ್ಯನಿಗೆ ಊರುಬಿಡುವ ಶಿಕ್ಷೆ. ಗುರುವಿಗೋ ಪ್ರಾಣವೇ ಹೋಗುವ ಸಂಭವ. ಮಾರಿಸನ್ನರ ಕೀರ್ತಿಯನ್ನು ಹೇಳುವವರು ಈ ಗುರುಗಳ ಋಣವನ್ನು ಮರೆಯಬಾರದೆಂಬುದು ನಮ್ಮ ಅಭಿಪ್ರಾಯ.

ಕಲಿಯಬೇಕಾದ ಭಾಷೆಯಾದರೋ ಸುಲಭವಾದುದಲ್ಲ. ಅದರಲ್ಲಿ ನಮ್ಮಂತೆ ಸ್ವರವ್ಯಂಜನಗಳ ವರ್ಣಮಾಲೆಯಿಲ್ಲ. ಸಾವಿರಾರು ಲಿಪಿಚಿಹ್ನೆಗಳನ್ನು ಒಂದೊಂದಾಗಿ ನೆನಪಿನಲ್ಲಿಡಬೇಕು. ಒಂದೇ ಉಚ್ಚಾರವು ದನಿಯ ಏರಿಳಿತಕ್ಕೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಕೊಡುವುದು. ಮೇಲಾಗಿ ಅಧಿಕಾರಿಗಳೂ ವಿದ್ವಾಂಸರೂ ಆಡುವ ಮಾತು ಒಂದು, ಕ್ಯಾಂಟನ್ನಿನ ಬೀದಿಯ ಮಾತು ಇನ್ನೊಂದು. ಮಾರಿಸನ್ನರು ಎರಡನ್ನೂ ಕಲಿಯಬೇಕಾಯಿತು.

ಜನರಿಗೆ ಸಮೀಪವಾಗಬೇಕೆಂಬ ಆತುರದಿಂದ ಅವರು ಚೀನೀಯರಂತೆ ನಿಲುವಂಗಿಯನ್ನೂ ದಪ್ಪ ಅಟ್ಟೆಯ ಪಾದರಕ್ಷೆಯನ್ನೂ ಧರಿಸಿದರು, ಉಗುರುಗಳನ್ನು ಬೆಳೆಸಿದರು, ಜಡೆಯನ್ನು ಬಿಟ್ಟರು. ಉಗ್ರಾಣದಂಥ ಕೋಣೆಯಲ್ಲಿ ವಾಸಿಸುತ್ತ, ಗುರುಗಳೊಡನೆ ಕಡ್ಡಿಗಳಿಂದ ಉಣ್ಣುತ್ತ, ತಮ್ಮ ಏಕಾಂತ ಪ್ರಾರ್ಥನೆಗಳನ್ನು ಕೂಡ ಬಾರದ ಚೀನೀ ಮಾತಿನಲ್ಲಿಯೇ ತೊದಲಿದರು. ಆದರೆ ದೇಹವು ಕ್ಷೀಣಿಸಿತು, ಮನಸ್ಸು ಕುಗ್ಗಿತು. ಊರಿನಿಂದ ಒಂದು ಕಾಗದ ಬರಬೇಕಾದರೆ ತಿಂಗಳುಗಳು ಹಿಡಿಯುತ್ತಿದ್ದವು. ಆ ವೇಷದಿಂದ ಪ್ರೀತಿಗೆ ಬದಲಾಗಿ ಸಂಶಯವೇ ಹೆಚ್ಚುತ್ತದೆಂಬುದನ್ನು ಅವರು ಕಂಡುಕೊಂಡರು. ಕಡೆಗೆ ಜಡೆಯನ್ನೂ ನಿಲುವಂಗಿಯನ್ನೂ ಬಿಟ್ಟು ತಮ್ಮ ಮೊದಲಿನ ಉಡುಪಿಗೆ ಮರಳಿದರು. ಪಾಠವನ್ನು ಮಾತ್ರ ಬಿಡಲಿಲ್ಲ. ಹೊರಗಿನ ಅನುಕರಣೆಯಿಂದ ಪರರು ನಮ್ಮವರಾಗುವುದಿಲ್ಲ. ಅವರ ಮಾತಿಗೆ ತಾಳ್ಮೆಯಿಂದ ಕಿವಿಗೊಡುವುದರಿಂದ ಆಗುತ್ತಾರೆಂಬುದನ್ನು ನಾವು ಇದರಿಂದ ತಿಳಿಯಬೇಕು.

1809ನೆಯ ಫೆಬ್ರವರಿ 20ರಂದು ಮಕಾವೊದಲ್ಲಿ ಅವರು ಮೇರಿ ಮಾರ್ಟನ್ ಎಂಬ ಕನ್ಯೆಯನ್ನು ವಿವಾಹವಾದರು. ಅದೇ ದಿವಸ, ಹಿಂದೆ ಹಡಗಿನಲ್ಲಿ ಸ್ಥಳ ಕೊಡದಿದ್ದ ಕಂಪನಿಯೇ ವರುಷಕ್ಕೆ 500 ಪೌಂಡುಗಳ ಸಂಬಳದ ಮೇಲೆ ಅವರನ್ನು ದುಭಾಷಿಯನ್ನಾಗಿ ನೇಮಿಸಿತು. ಇದರಿಂದ ಚೀನದಲ್ಲಿ ನೆಲೆಸುವುದಕ್ಕೆ ಆಧಾರವಾಯಿತಾದರೂ ವ್ಯಾಪಾರದ ತಿಂಗಳುಗಳಲ್ಲಿ ಪತಿಯು ಕ್ಯಾಂಟನ್ನಿಗೆ ಹೋಗಲೇಬೇಕು. ಪತ್ನಿಯು ಮಕಾವೊದಲ್ಲಿಯೇ ಉಳಿಯಬೇಕು. 1811ನೆಯ ಮಾರ್ಚಿಯಲ್ಲಿ ಚೊಚ್ಚಲ ಮಗು ಜೇಮ್ಸನು ಹುಟ್ಟಿದ ದಿವಸವೇ ತೀರಿಹೋದನು. ಹೂಳುವುದಕ್ಕೆ ಸ್ಥಳವು ಸಹ ಸುಲಭವಾಗಿ ದೊರೆಯದೆ, ಕಡೆಗೆ ತಂದೆಯು ಗುಡ್ಡದ ಮೇಲೆ ಆ ಕೂಸನ್ನು ಮಣ್ಣುಮಾಡಿದರು. ಮೇರಿಯಮ್ಮನವರ ಆರೋಗ್ಯವು ಕೆಟ್ಟಿತು. 1815ರಲ್ಲಿ ಅವರು ಇಬ್ಬರು ಮಕ್ಕಳೊಡನೆ ಇಂಗ್ಲೆಂಡಿಗೆ ಹೋಗಿ ಐದು ವರುಷಗಳ ಮೇಲೆ, 1820ರಲ್ಲಿ, ಹಿಂದಿರುಗಿದರು. ಮರುವರುಷ ಜೂನ್ 10ರಂದು ವಾಂತಿಭೇದಿಯು ಅವರನ್ನು ಒಯ್ದಿತು. ಮಗುವಿನ ಮಗ್ಗುಲಲ್ಲಿ ಹೂಳಲು ಅನುಮತಿ ಸಿಕ್ಕಲಿಲ್ಲ. ಕಥೋಲಿಕರ ಸ್ಮಶಾನದಲ್ಲಿಯೂ ಎಡೆಯಿರಲಿಲ್ಲ. ಕಂಪನಿಯವರು ಆಗ ಸ್ವಲ್ಪ ಭೂಮಿಯನ್ನು ಕೊಂಡು ಪ್ರೊಟೆಸ್ಟೆಂಟರ ಸ್ಮಶಾನವನ್ನು ಮಾಡಿದರು. ಮಾರಿಸನ್ನರ ವಿದ್ಯೆಗಾಗಿ ತೆತ್ತ ಬೆಲೆಯನ್ನು ಎಣಿಸುವಾಗ ಈ ಸಾಧ್ವಿಯ ಏಕಾಂತವನ್ನೂ ನಾವು ಎಣಿಸಬೇಕು.

ಈ ದುಃಖಗಳ ನಡುವೆ ಕೆಲಸವು ನಿಲ್ಲಲಿಲ್ಲ. ಅವರ ಚೀನೀ ವ್ಯಾಕರಣವು 1815ರಲ್ಲಿ ನಮ್ಮ ಭರತಖಂಡದ ಸೆರಾಂಪುರದಲ್ಲಿ ಅಚ್ಚಾಯಿತು. 1813ರಲ್ಲಿ ವಿಲಿಯಂ ಮಿಲ್ನ್ ಎಂಬ ಜತೆಗಾರರು ಬಂದರು. ಹೊಸ ಒಡಂಬಡಿಕೆಯ ಭಾಷಾಂತರವೂ ಅದೇ ವರುಷ ಮುಗಿಯಿತು. ಮಿಲ್ನರೊಡನೆ ಸೇರಿ 1819ರಲ್ಲಿ ಮುಗಿಸಿದ ಇಡೀ ಸತ್ಯವೇದವು 1823ರಲ್ಲಿ ಮಲಾಕ್ಕಾದಲ್ಲಿ 21 ಸಂಪುಟಗಳಾಗಿ ಹೊರಬಂದಿತು. ಚೀನೀ ನಿಘಂಟು 1815ರಿಂದ 1823ರ ವರೆಗೆ ಕಂಪನಿಯ ಖರ್ಚಿನಲ್ಲಿ ಮಕಾವೊದಲ್ಲಿ ಅಚ್ಚಾಯಿತು. ಕಲಿಯುವಾಗ ತಮಗೆ ಇಲ್ಲದಿದ್ದ ಸಹಾಯವನ್ನು ಅವರು ಹಿಂದೆ ಬರುವವರಿಗಾಗಿ ತಾವೇ ಮಾಡಿಟ್ಟರು. 1814ರಲ್ಲಿ ತ್ಸೇ ಅ ಕೊ ಎಂಬವನು ದೀಕ್ಷಾಸ್ನಾನ ಹೊಂದಿದನು. ಅವರ ಜೀವಮಾನದಲ್ಲಿ ಸಭೆಗೆ ಸೇರಿದವರು ಬೆರಳೆಣಿಕೆಯಷ್ಟು ಮಂದಿಯೇ ಸರಿ. ಲೆಕ್ಕವನ್ನೇ ನೋಡುವವರಿಗೆ ಇದು ಸೋಲಾಗಿ ತೋರೀತು. ಬಿತ್ತುವವನೇ ಕೊಯ್ಯಬೇಕೆಂಬ ನಿಯಮವಿಲ್ಲವೆಂಬುದನ್ನು ಮಾತ್ರ ನಾವು ನೆನಪಿಡೋಣ.

1824ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದ ಮಾರಿಸನ್ನರು ಅಲ್ಲಿಯೂ ಚೀನೀ ಭಾಷೆಯನ್ನು ಕಲಿಸಿದರು. ಹೆಂಗಸರಿಗೂ ಪಾಠ ಹೇಳಿದ್ದು ಆ ಕಾಲಕ್ಕೆ ಹೊಸತು. ಆ ಶಿಷ್ಯೆಯರಲ್ಲಿ ಮೇರಿ ಆ್ಯನ್ ಆಲ್ಡರ್ಸಿ ಎಂಬವರು ಮೊದಲು ಜಾವಾ ದ್ವೀಪದಲ್ಲಿಯೂ ಆಮೇಲೆ, 1844ರಲ್ಲಿ, ಚೀನದ ನಿಂಗ್ಪೊ ನಗರದಲ್ಲಿಯೂ ಬಾಲಿಕಾಶಾಲೆಗಳನ್ನು ಸ್ಥಾಪಿಸಿದರು. ಚೀನ ದೇಶದಲ್ಲಿ ಮಿಶನ್ ಹೆಣ್ಣುಮಕ್ಕಳ ಶಾಲೆಗಳಿಗೆ ನಿಂಗ್ಪೊವಿನ ಶಾಲೆಯೇ ನಾಂದಿ. ಮಾರಿಸನ್ನರು ಅದನ್ನು ಕಾಣಲಿಲ್ಲ. 1826ರಲ್ಲಿ ಚೀನಕ್ಕೆ ಹಿಂದಿರುಗಿ, 1834ನೆಯ ಆಗಸ್ಟ್ 1ರಂದು ಕ್ಯಾಂಟನ್ನಿನಲ್ಲಿ ದೈವಾಧೀನರಾಗಿ, ಮಕಾವೊದಲ್ಲಿ ಮೇರಿಯಮ್ಮನವರ ಪಕ್ಕದಲ್ಲಿ ವಿಶ್ರಮಿಸಿದರು.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ಪರಸ್ಥಳಗಳಿಗೆ ಹೋಗಿ ಪರರ ಮಾತಿನ ನಡುವೆ ಬಾಳಬೇಕಾಗುವುದು. ಆಗ ನಾಲಗೆ ತೊದಲಿದರೆ ನಾಚಬೇಡಿರಿ. ಕಲಿಸಿದವರ ಉಪಕಾರವನ್ನು ಮರೆಯಬೇಡಿರಿ. ಈಗಲಾದರೋ, ವಸತಿಗೃಹದ ಮೂಲೆಯಲ್ಲಿ ಮೌನವಾಗಿ ಕುಳಿತ ಹೊಸ ಹುಡುಗಿಯನ್ನು ಕಂಡರೆ ನಗದೆ, ಅವಳ ಪಕ್ಕದಲ್ಲಿ ಕುಳಿತು ಒಂದು ಮಾತನ್ನು ಕಲಿಸಿರಿ. ಅವಳಿಂದಲೂ ಒಂದನ್ನು ಕಲಿಯಿರಿ.