ಆಫೀಸು ಮುಗಿಸಿ ಪ್ರಯೋಗಾಲಯಕ್ಕೆ ನಡೆದವರು: ಸರ್ ಸಿ. ವಿ. ರಾಮನ್



ಕಳೆದ ವರ್ಷ ನಮ್ಮ ಸದಸ್ಯರೊಬ್ಬರ ಮಗಳು, ಬಿ.ಎಸ್ಸಿ. ಓದುತ್ತಿರುವವಳು, ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವ ಅವಕಾಶಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಅರ್ಜಿಯ ಜೊತೆಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಪತ್ರ ಕೈಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಆ ಮಗು ಸಂಘದ ಕಚೇರಿಗೆ ಬಂದು ಮಾತಾಡದೆ ಕುಳಿತದ್ದು ನಮಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಈ ಸಲ ರಾಯದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ಯಾವ ಮಗುವಿಗೂ ಹಾಗಾಗಬಾರದು. ಆ ಕಾರಣಕ್ಕೆ ಈ ಸಂಚಿಕೆಯ ಸಾಧಕರ ಪರಿಚಯದಲ್ಲಿ ಸರ್ ಸಿ. ವಿ. ರಾಮನ್ ಅವರನ್ನು ನೆನೆಯುತ್ತಿದ್ದೇವೆ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಉಪನ್ಯಾಸಕರ ಕೆಲಸ ಸಿಕ್ಕಿದ್ದರಿಂದ ಹುಡುಗ ಬೆಳೆದದ್ದು ಆಂಧ್ರದ ಕಡಲ ತೀರದಲ್ಲಿ. ಮನೆಯ ಮಾತು ತಮಿಳು, ಊರಿನ ಮಾತು ತೆಲುಗು, ಮುಂದೆ ಬಾಳಿ ಬದುಕಿದ್ದು ಕನ್ನಡದ ನೆಲದಲ್ಲಿ. ಮನೆಯಲ್ಲಿ ಒಂದು ಭಾಷೆ, ಬಜಾರಿನಲ್ಲಿ ಇನ್ನೊಂದು ಎಂದು ಬದುಕುವ ಗಡಿನಾಡಿನ ನಮಗೆ ಇದೇನೂ ಹೊಸದಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿದಾಗ ಅವರಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಮೊದಲ ಸ್ಥಾನ, ಭೌತಶಾಸ್ತ್ರದಲ್ಲಿ ಚಿನ್ನದ ಪದಕ. ಎಂ.ಎ. ಓದುವಾಗ ಪ್ರಾಧ್ಯಾಪಕ ಜೋನ್ಸ್ ಅವರು ಈ ಹುಡುಗನನ್ನು ಪ್ರಯೋಗಾಲಯದಲ್ಲಿ ಅವನ ಪಾಡಿಗೆ ಬಿಟ್ಟಿದ್ದರು. ಒಂದು ದಿನ ಪಟ್ಟಕದ ಕೋನ ಅಳೆಯುವಾಗ, ಓರೆಯಾಗಿ ಬಿದ್ದ ಬೆಳಕಿನ ಎರಡೂ ಬದಿಯ ಪಟ್ಟಿಗಳು ಒಂದೇ ಸಮ ಇಲ್ಲದಿರುವುದು ರಾಮನ್ ಕಣ್ಣಿಗೆ ಬಿತ್ತು. ಪಠ್ಯದಲ್ಲಿ ಇಲ್ಲದ್ದನ್ನು ಅವರು ಬಿಡಲಿಲ್ಲ, ಹಿಂದೆ ಬಿದ್ದು ಅಳೆದರು, ಬರೆದರು. ಆ ಲೇಖನ 1906ರ ನವೆಂಬರಿನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಬರೆದವನಿಗೆ ಹದಿನೆಂಟು ವರ್ಷ. ಆ ಹುಡುಗನಿಗೆ ಸಿಕ್ಕದ್ದು ತೆರೆದ ಬಾಗಿಲಿನ ಪ್ರಯೋಗಾಲಯ ಮತ್ತು ಅಡ್ಡ ಬರದ ಮೇಷ್ಟ್ರು. ನಮ್ಮ ಕಡೆಯ ಮಕ್ಕಳಿಗೆ ಇವೆರಡೂ ಸುಲಭವಾಗಿ ಸಿಗುವುದಿಲ್ಲ.

ಇಂಗ್ಲೆಂಡಿಗೆ ಹೋಗಿ ಓದಲು ದೇಹ ತಾಳುವುದಿಲ್ಲ ಎಂದು ವೈದ್ಯಾಧಿಕಾರಿ ತಡೆದರು. ವಿಜ್ಞಾನದಲ್ಲಿ ಹೊಟ್ಟೆಪಾಡು ನಡೆಯುವ ಕಾಲವೂ ಅದಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಕಲಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ಸೇರಿದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ ಒಂದು ಫಲಕ ಕಂಡಿತು. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಘ ಅದು. ಉಪಕರಣಗಳಿದ್ದವು, ಬಳಸುವವರು ಕಡಿಮೆ. ಬಾಗಿಲು ತೆರೆದವರು ಆಶುತೋಷ್ ಡೇ. ಮುಂದೆ ಅವರೇ ರಾಮನ್ ಅವರ ಪ್ರಯೋಗಗಳಿಗೆ ಬಲಗೈ ಆದರು.

ಅಂದಿನಿಂದ ರಾಮನ್ ಅವರ ದಿನಚರಿ ಹೀಗಾಯಿತು: ಬೆಳಗಾಗುವಾಗ ಪ್ರಯೋಗಾಲಯ, ಹಗಲು ಆಫೀಸು, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ನಾವೂ ಕಡತ, ಲೆಡ್ಜರು, ವೋಚರುಗಳ ನಡುವೆ ಸರ್ವಿಸು ಮುಗಿಸಿದವರೇ. ಅವರದು ದೊಡ್ಡ ಹುದ್ದೆ, ನಮ್ಮದು ಗುಮಾಸ್ತಗಿರಿ. ಆದರೂ ಲೆಕ್ಕ ತಾಳೆಯಾಗದ ದಿನ ಸಂಜೆ ತಲೆ ಹೇಗಿರುತ್ತದೆ ಎಂಬುದು ನಮಗೆ ಗೊತ್ತು. ಆ ತಲೆ ಹೊತ್ತುಕೊಂಡು ಪ್ರಯೋಗಕ್ಕೆ ಕೂರುವುದು ಎಂಥ ಹಟ ಎಂಬುದೂ ಗೊತ್ತು. ಹತ್ತು ವರ್ಷ ಸರ್ಕಾರಿ ಕೆಲಸ ಮಾಡಿ, 1917ರಲ್ಲಿ ಅದನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಕಲಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

1921ರ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕೆಣಕಿತು. ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ತೋರಿಸಿದರು. ಆ ದಾರಿಯಲ್ಲೇ ಮುಂದುವರಿದು, ಕೆ. ಎಸ್. ಕೃಷ್ಣನ್ ಅವರ ಜೊತೆ ದುಡಿದು, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡರು. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದರೆ ಚದುರಿದ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣದಲ್ಲಿ ಉಳಿಯುತ್ತದೆ. ಅತ್ಯಲ್ಪ ಭಾಗ ಮಾತ್ರ ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಯಿತು ಎಂಬುದರಿಂದ ಆ ವಸ್ತುವಿನ ಅಣುಗಳ ಗುರುತು ಸಿಗುತ್ತದೆ. ಇಂದು ಔಷಧಿಯ, ರತ್ನದ ಅಸಲಿತನ ಪರೀಕ್ಷಿಸಲೂ ಇದೇ ಬಳಕೆಯಲ್ಲಿದೆ. 1930ರಲ್ಲಿ ನೊಬೆಲ್ ಬಂತು. ಫೆಬ್ರವರಿ 28 ನಮಗೆ ರಾಷ್ಟ್ರೀಯ ವಿಜ್ಞಾನ ದಿನವಾಯಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಇಲ್ಲೊಂದು ಕಹಿ ಸಂಗತಿಯನ್ನೂ ಹೇಳಬೇಕು. ಅದೇ ವರ್ಷ ಮುಂಬಯಿಯಿಂದ ಪದವಿ ಮುಗಿಸಿದ ಕಮಲಾ ಭಾಗವತ್ ಎಂಬ ಹುಡುಗಿ ಸಂಶೋಧನೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಹಿಂದೆ ಸರಿಯಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೂ ಪ್ರವೇಶ ಕೊಡಲು ಒಪ್ಪಿದರು. ಆ ಹುಡುಗಿಯೇ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ. ದೊಡ್ಡವರೂ ತಪ್ಪುತ್ತಾರೆ. ಬಾಗಿಲು ಮುಚ್ಚಿದೆ ಎಂದು ಅರ್ಜಿ ಹಾಕದೆ ಕೂರಬಾರದು, ಹೆಣ್ಣುಮಕ್ಕಳಂತೂ ಕೂರಲೇಬಾರದು.

1934ರಲ್ಲಿ ರಾಮನ್ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 1948ರಲ್ಲಿ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾಗಿ, ಮೈಸೂರು ಸರ್ಕಾರ ಅಕಾಡೆಮಿಗೆ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಬಂತು. ಹರಳು, ಹೂವಿನ ಬಣ್ಣಗಳ ಅಧ್ಯಯನದಲ್ಲಿ ಕೊನೆಯವರೆಗೂ ತೊಡಗಿದ್ದು, 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಅಂತ್ಯಸಂಸ್ಕಾರ ಆ ಸಂಸ್ಥೆಯ ತೋಟದಲ್ಲೇ ಆಯಿತು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಇನ್ನು ನಮ್ಮ ವಿಷಯಕ್ಕೆ ಬರೋಣ. ರಾಮನ್ ಕಟ್ಟಿದ ಅದೇ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜಿನ ಅಕಾಡೆಮಿಗಳ ಜೊತೆ ಸೇರಿ, ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾರೆ, ಖರ್ಚಿಗೆ ಹಣವೂ ಸಿಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥದೇ ಯೋಜನೆ ಇದೆ. ಬೇಸಿಗೆಯ ಕೆಲಸಕ್ಕೆ ಚಳಿಗಾಲಕ್ಕೂ ಮೊದಲೇ ಅರ್ಜಿ ಕರೆಯುವುದುಂಟು. ಹಾಗಾಗಿ ದಸರಾ ಕಳೆದ ಕೂಡಲೇ ಅವರ ಜಾಲತಾಣ ನೋಡುತ್ತಿರಿ. ಅಂಕಪಟ್ಟಿ, ಏನು ಕಲಿಯಬೇಕೆಂಬ ಪುಟ್ಟ ಬರಹ, ಅಧ್ಯಾಪಕರ ಪತ್ರ, ಈ ಮೂರನ್ನೂ ಮೊದಲೇ ಸಿದ್ಧಮಾಡಿಕೊಳ್ಳಿ. ಅರ್ಹತೆಯ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ.

ಅಧ್ಯಾಪಕ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇವೆ, ಪತ್ರ ಕೇಳಿ ಬಂದ ಮಗುವನ್ನು ನಾಳೆ ಬಾ ಎನ್ನಬೇಡಿ. ತಂದೆತಾಯಂದಿರೇ, ಬೆಂಗಳೂರು ನಮಗೆ ದೂರದ ಊರಲ್ಲ, ಎರಡು ತಿಂಗಳಿಗೆ ಮಕ್ಕಳನ್ನು ಕಳಿಸಿಕೊಡಿ. ಅರ್ಜಿ ತುಂಬಲು ತಿಳಿಯದವರು ಸಂಘದ ಕಚೇರಿಗೆ ಬನ್ನಿ. ಅರ್ಜಿ ತುಂಬುವುದೊಂದನ್ನು ನಾವು ಜೀವಮಾನವಿಡೀ ಮಾಡಿದ್ದೇವೆ. ಕಳೆದ ಸಲ ತಪ್ಪಿಸಿಕೊಂಡ ಆ ಮಗಳು ಈ ಸಲ ಎಲ್ಲರಿಗಿಂತ ಮೊದಲೇ ಬಂದು ಹೋಗಿದ್ದಾಳೆ.

ಸಿರಿಗನ್ನಡಂ ಗೆಲ್ಗೆ.

ಕಾರ್ಯದರ್ಶಿ