ಕೊಳ್ಳೋಕೆ ಪುಸ್ತಕವೇ ಇರಲಿಲ್ಲ: ಧಾರವಾಡದ ಎಲಿಯಟ್ ಸಾಹೇಬರು ಮತ್ತು ಹಳೇ ಹೊನ್ನಿನ ಕಥೆ

ಧಾರವಾಡ: ಮನೆಗೆ ಪಾಯ ತೋಡುವಾಗಲೋ ಹೊಲ ಹರಗುವಾಗಲೋ ಒಂದು ಹಳೇ ನಾಣ್ಯ ಸಿಕ್ಕಿತು ಅಂತಿಟ್ಟುಕೊಳ್ಳಿ. ಸರಾಫ ಕಟ್ಟೆಗೆ ಒಯ್ದರೆ ತೂಕ ಹೇಳುತ್ತಾರೆ, ಚಿನ್ನ ಎಷ್ಟು ಶುದ್ಧ ಅಂತ ಹೇಳುತ್ತಾರೆ, ಇವತ್ತಿನ ರೇಟು ಹೇಳುತ್ತಾರೆ. ಯಾವ ರಾಜನದು, ಎಷ್ಟು ಹಳೇದು ಅಂತ ಕೇಳಿದ್ರೆ ಮಾತ್ರ ತಲೆ ಅಲ್ಲಾಡಿಸುತ್ತಾರೆ. ಅದನ್ನು ಹೇಳೋಕೆ ತಕ್ಕಡಿ ಸಾಲದು, ಪುಸ್ತಕ ಬೇಕು. ನಾಣ್ಯ ಕೂಡಿಸುವ ಹವ್ಯಾಸ ಇದ್ದವರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತೂ ಇದೇ. ಮೊದಲು ಪುಸ್ತಕ ಕೊಳ್ಳಬೇಕು, ಆಮೇಲೆ ನಾಣ್ಯ.

ಆದರೆ ಇನ್ನೂರು ವರ್ಷದ ಹಿಂದೆ ಈ ಭಾಗದ ನಾಣ್ಯಗಳ ಬಗ್ಗೆ ಕೊಳ್ಳೋಣ ಅಂದ್ರೆ ಅಂಥ ಪುಸ್ತಕವೇ ಇರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಧಾರವಾಡಕ್ಕೆ ನೌಕರಿಗೆ ಬಂದ ಒಬ್ಬ ಸ್ಕಾಟ್‌ಲೆಂಡಿನ ಹುಡುಗ ಕೊನೆಗೆ ಅದನ್ನು ತಾನೇ ಬರೆದು ಮುಗಿಸಿದ. ಮುಗಿಸುವ ಹೊತ್ತಿಗೆ ವಯಸ್ಸು ಎಂಬತ್ತು ದಾಟಿತ್ತು, ಕಣ್ಣು ಹೆಚ್ಚೂಕಡಿಮೆ ಹೋಗಿತ್ತು. ಅವರೇ ಸರ್ ವಾಲ್ಟರ್ ಎಲಿಯಟ್.

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಎಡಿನ್‌ಬರೊದಲ್ಲಿ. ಮನೆತನದ ಜಮೀನು ಇದ್ದದ್ದು ಸ್ಕಾಟ್‌ಲೆಂಡಿನ ಗಡಿನಾಡಿನ ವುಲ್ಫ್‌ಲೀ ಎಂಬ ಊರಲ್ಲಿ. ಕಂಪನಿ ನೌಕರಿಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಮದ್ರಾಸಿಗೆ ಬಂದಿಳಿದರು. ಅಲ್ಲಿಂದ ಎರಡು ಮೂರು ವರ್ಷದೊಳಗೆ ಧಾರವಾಡದ ಕಲೆಕ್ಟರ್ ಕೈಕೆಳಗೆ ಸಹಾಯಕನಾಗಿ ನೇಮಕ ಆಯಿತು. ಪೇಶ್ವೆಯಿಂದ ಈ ಸೀಮೆ ಕಂಪನಿಯ ಕೈಗೆ ಬಂದು ಆಗಿನ್ನೂ ಬಹಳ ವರ್ಷ ಆಗಿರಲಿಲ್ಲ. ಕಾಗದಪತ್ರದಲ್ಲಿ ಇದನ್ನು ದಕ್ಷಿಣ ಮರಾಠ ಸೀಮೆ ಅಂತ ಬರೆಯುತ್ತಿದ್ದರು. ಸಂತೆಯಲ್ಲಿ ಜನ ಆಡುತ್ತಿದ್ದದ್ದು ಮಾತ್ರ ಕನ್ನಡ. ಎಲಿಯಟ್ ಇದನ್ನು ಬೇಗ ಗುರುತಿಸಿದರು. ಧಾರವಾಡದ ಮೊದಮೊದಲ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ಅವರ ಹೆಸರೂ ಜೊತೆಗೆ ಬರುವುದು ಅದಕ್ಕೇ.

ನೌಕರಿಯ ಶುರುವಿನಲ್ಲೇ ಜೀವಕ್ಕೆ ಕುತ್ತು ಬಂತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ ಸಂಗತಿ ಈ ಭಾಗದ ಚಿಕ್ಕ ಮಕ್ಕಳಿಗೂ ಗೊತ್ತು. ಅವತ್ತು ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ಇದೇ ಎಲಿಯಟ್. ಆಗ ವಯಸ್ಸು ಇಪ್ಪತ್ತೊಂದು. ವಾರಗಟ್ಟಲೆ ಕೋಟೆಯೊಳಗೆ ಇಟ್ಟುಕೊಂಡು ಆಮೇಲೆ ಜೀವಂತ ಬಿಟ್ಟು ಕಳಿಸಿದರು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ರಾಣಿ ಆವತ್ತು ಬೇರೆ ಮನಸ್ಸು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬಿಡುಗಡೆ ಆದ ಮೇಲೆ ಎಲಿಯಟ್ ಊರು ಬಿಟ್ಟು ಓಡಲಿಲ್ಲ. 1833ರವರೆಗೂ ಧಾರವಾಡ ಸೀಮೆಯಲ್ಲೇ ಉಳಿದರು. ಕಂದಾಯದ ಕೆಲಸ ಅಂದ್ರೆ ವರ್ಷದಲ್ಲಿ ತಿಂಗಳುಗಟ್ಟಲೆ ಕುದುರೆ ಮೇಲೆ ಊರೂರು ತಿರುಗಾಟ, ಡೇರೆಯಲ್ಲಿ ವಾಸ. ಸಾಹೇಬರು ಕಾಡುಪ್ರಾಣಿಗಳನ್ನು ನೋಡಿದರು, ಬೇಟೆ ಆಡಿದರು. ಈ ಸೀಮೆಯ ಪ್ರಾಣಿಗಳ ಒಂದು ಪಟ್ಟಿಯನ್ನೂ ತಯಾರಿಸಿ, ಪ್ರತಿಯೊಂದಕ್ಕೂ ಇಲ್ಲಿನ ಜನ ಕರೆಯುವ ಹೆಸರನ್ನು ಸೇರಿಸಿ 1839ರಲ್ಲಿ ಪ್ರಕಟಿಸಿದರು. ಒಂದು ಜಾತಿಯ ಪೊದೆ ಇಲಿಗೆ ವಿಜ್ಞಾನಿಗಳು ಎಲಿಯಟ್ ಹೆಸರೇ ಇಟ್ಟಿದ್ದಾರೆ. ಆದರೆ ಅವರ ಆಯುಷ್ಯ ತಿಂದದ್ದು ಪ್ರಾಣಿಗಳಲ್ಲ. ಗುಡಿಯ ಮುಂದೆ ನಿಂತ ಬರಹದ ಕಲ್ಲುಗಳು ಮತ್ತು ಹಳೇ ಹೊನ್ನು.

ಆಗಿನ ದುಡ್ಡಿನ ಪರಿಸ್ಥಿತಿ ಗೊತ್ತಿದ್ದರೆ ಈ ಹುಚ್ಚು ಯಾಕೆ ಹತ್ತಿತು ಅಂತ ತಿಳಿಯುತ್ತದೆ. ದಕ್ಷಿಣದ ವ್ಯಾಪಾರ ನೂರಾರು ವರ್ಷ ನಡೆದದ್ದು ವರಹ ಮತ್ತು ಪಣದ ಲೆಕ್ಕದಲ್ಲಿ. ಮದ್ರಾಸ್ ಸರ್ಕಾರ 1818ರಲ್ಲಿ ವರಹದ ಲೆಕ್ಕ ಕೈಬಿಟ್ಟು ರೂಪಾಯಿಗೆ ಬಂತು. 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ನಮೂನೆಯ ರೂಪಾಯಿ ಬಂತು. ಹಾಗಾದ್ರೆ ಹಳೇ ಚಿನ್ನದ ನಾಣ್ಯ ಎಲ್ಲಿಗೆ ಹೋಗಬೇಕು? ಅಕ್ಕಸಾಲಿಗರ ಮೂಸೆಗೆ. ಭೂಮಿಯಲ್ಲಿ ಸಿಕ್ಕ ನಿಧಿಯ ಸುದ್ದಿಯನ್ನು ಸರ್ಕಾರಕ್ಕೆ ಮುಟ್ಟಿಸಬೇಕೆಂದು ಇಡೀ ದೇಶಕ್ಕೆ ಕಾಯಿದೆ ಆದದ್ದು 1878ರಲ್ಲಿ. ಅಷ್ಟರೊಳಗೆ ಎಷ್ಟು ರಾಜರ ಗುರುತು ಬಳೆ, ಬುಗುಡಿ ಆಗಿ ಹೋಯಿತೋ ಲೆಕ್ಕ ಇಟ್ಟವರಿಲ್ಲ. ಕರಗಿಸಿದವರನ್ನು ಬೈದು ಪ್ರಯೋಜನವೂ ಇಲ್ಲ. ಅದು ಯಾರ ನಾಣ್ಯ ಅಂತ ಹೇಳುವವರು ಇಲ್ಲದಿದ್ದರೆ ಚಿನ್ನ ಬರೀ ಚಿನ್ನ ಅಷ್ಟೇ.

ಹೇಳುವ ಪುಸ್ತಕ ಯಾವುದಿತ್ತು? ಪೂರ್ವ ದೇಶದ ನಾಣ್ಯಗಳ ಬಗ್ಗೆ ಆಗ ಹೆಸರಾಗಿದ್ದದ್ದು ವಿಲಿಯಂ ಮಾರ್ಸ್‌ಡನ್ ಅವರ ಎರಡು ಸಂಪುಟ, 'ನುಮಿಸ್ಮಾಟಾ ಓರಿಯಂಟಾಲಿಯಾ ಇಲಸ್ಟ್ರೇಟಾ'. ಲಂಡನ್ನಿನಲ್ಲಿ 1823ರಿಂದ 1825ರ ನಡುವೆ ಅಚ್ಚಾಯಿತು. ಮಾರ್ಸ್‌ಡನ್ ಪುಸ್ತಕ ಕೂಡಿಸುವುದರಲ್ಲಿ ಗಟ್ಟಿ ಮನುಷ್ಯ. ತಮ್ಮ ಮನೆಯ ಗ್ರಂಥಾಲಯದ್ದೇ ಒಂದು ಪಟ್ಟಿ 1827ರಲ್ಲಿ ಅಚ್ಚು ಹಾಕಿಸಿದ್ದರು. ಕೊನೆಗೆ ನಾಣ್ಯಗಳನ್ನು ಬ್ರಿಟಿಷ್ ಮ್ಯೂಸಿಯಂಗೂ ಪುಸ್ತಕಗಳನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿಗೂ ಕೊಟ್ಟುಬಿಟ್ಟರು. ಆದರೆ ಅವರು ದುಡಿದದ್ದು ಸುಮಾತ್ರಾದಲ್ಲಿ, ಬಲ ಇದ್ದದ್ದು ಅರಬ್ಬಿ ಅಕ್ಷರದ ನಾಣ್ಯಗಳಲ್ಲಿ. ಆಮೇಲೆ 1832ರಲ್ಲಿ ವಿಲ್ಸನ್ ಎಂಬ ಪಂಡಿತರು ಕಲ್ಕತ್ತಾದಿಂದ ಒಂದು ದೊಡ್ಡ ಲೇಖನ ಬರೆದರು. ದಕ್ಷಿಣದ ನಾಣ್ಯಗಳೂ ಅದರಲ್ಲಿದ್ದವು. ಕನ್ನಡ ಸೀಮೆಯ ಚಾಲುಕ್ಯ, ಕದಂಬ, ಹೊಯ್ಸಳರ ಹೊನ್ನನ್ನು ಅಂಗೈ ಮೇಲೆ ಇಟ್ಟುಕೊಂಡು ಇದು ಇಂಥವರದು ಅಂತ ಹೇಳೋಕೆ ಇವೆರಡೂ ಸಾಲುತ್ತಿರಲಿಲ್ಲ.

ಒಂದು ಉದಾಹರಣೆ ನೋಡಿ. ಸಿಂಹದ ಚಿತ್ರ ಇರುವ ಒಂದು ಚಿನ್ನದ ಗದ್ಯಾಣ ಇದೆ. ತಿರುಗಿಸಿದ್ರೆ ಹಿಂದೆ ಮೂರು ಸಾಲು ಹಳೇ ಕನ್ನಡ ಅಕ್ಷರ. ಕಷ್ಟಪಟ್ಟು ಓದಿದ್ರೆ ಶ್ರೀ ತಳಕಾಡುಗೊಂಡ ಅಂತ ಬರುತ್ತದೆ. ರಾಜನ ಹೆಸರಿಲ್ಲ, ಇಸವಿ ಇಲ್ಲ, ಟಂಕಸಾಲೆಯ ಊರಿಲ್ಲ. ತಳಕಾಡನ್ನು ಗೆದ್ದವನು ಅಂತಷ್ಟೇ. ಗೆದ್ದವನು ಯಾರು ಅನ್ನೋದನ್ನು ನಾಣ್ಯ ಹೇಳುವುದಿಲ್ಲ, ಕಲ್ಲು ಹೇಳುತ್ತದೆ. 1116ರ ಸುಮಾರಿಗೆ ಚೋಳರ ಕೈಯಿಂದ ತಳಕಾಡು ಕಿತ್ತುಕೊಂಡವನು ಹೊಯ್ಸಳ ವಿಷ್ಣುವರ್ಧನ ಅಂತ ಶಾಸನಗಳಲ್ಲಿ ಬರೆದಿದೆ. ಅದು ಗೊತ್ತಾದ ಮೇಲೆ ನೊಣಂಬವಾಡಿಗೊಂಡ ಅಂತಿರುವ ಇನ್ನೊಂದು ನಾಣ್ಯದ ಗಂಟೂ ಬಿಚ್ಚುತ್ತದೆ. ಹಾಗೇ ಲೊಕ್ಕಿ ಗದ್ಯಾಣ ಅಂತ ಶಾಸನಗಳಲ್ಲಿ ಬರುವ ದುಡ್ಡು. ಲೊಕ್ಕಿಗುಂಡಿ ಅಂದ್ರೆ ಗದಗಿನ ಹತ್ತಿರದ ಲಕ್ಕುಂಡಿ. ಅಲ್ಲಿ ಟಂಕಸಾಲೆ ಇತ್ತು ಅಂತ ತಿಳಿದದ್ದು ಕಲ್ಲಿನ ಬರಹದಿಂದಲೇ.

ಕೊಳ್ಳೋಕೆ ಪುಸ್ತಕ ಇಲ್ಲದ ಎಲಿಯಟ್ ತಮ್ಮ ಗ್ರಂಥಾಲಯವನ್ನು ಹೀಗೆ ಕಲ್ಲಿನಿಂದ ಕಟ್ಟಲು ಹೊರಟರು. ಹೋದಲ್ಲೆಲ್ಲ ಶಾಸನಗಳ ನಕಲು ಮಾಡಿಸಿದರು. ಹಳೇ ಲಿಪಿ ಓದಬಲ್ಲ ಇಲ್ಲಿನವರು ಕಲ್ಲಿನ ಮುಂದೆ ಕೂತು ಸಾಲು ಸಾಲಾಗಿ ಕಾಗದಕ್ಕೆ ಇಳಿಸಿದರು. ಹೀಗೆ ಕೂಡಿದ್ದು 595 ಶಾಸನ. ಎರಡು ದೊಡ್ಡ ಕೈಬರಹದ ಸಂಪುಟ ಆಯಿತು, 'ಕರ್ನಾಟಕ ದೇಶದ ಶಾಸನಗಳು' ಎಂಬ ಅರ್ಥದ ಹೆಸರಿಟ್ಟರು. ಒಂದು ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಹೋಯಿತು, ಇನ್ನೊಂದು ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದೆ. ಬಿಸಿಲಲ್ಲಿ ಕೂತು ನಕಲು ತೆಗೆದವರ ಹೆಸರು ಮಾತ್ರ ಯಾವ ಮುಖಪುಟದ ಮೇಲೂ ಬರಲಿಲ್ಲ. ಇವತ್ತು ಕೇಳುವವರೂ ಇಲ್ಲ.

ಇದೇ ಸಾಮಗ್ರಿಯಿಂದ 1837ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಎಲಿಯಟ್ ಅವರ ಲೇಖನ ಬಂತು. ಚಾಲುಕ್ಯರು, ಕಳಚುರಿಗಳು, ಯಾದವರು ಯಾರಾದ ಮೇಲೆ ಯಾರು ಆಳಿದರು ಎಂಬ ಸಾಲು ಮೊದಲ ಸಲ ಒಂದು ಕ್ರಮಕ್ಕೆ ಬಂತು. ಐವತ್ತು ವರ್ಷದ ನಂತರ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಫ್ಲೀಟ್ ಸಾಹೇಬರು ಕೂಡ ಈ ಕೈಬರಹದ ಸಂಪುಟಗಳನ್ನು ಮತ್ತೆ ಮತ್ತೆ ತೆಗೆದು ನೋಡಿದ್ದಾರೆ.

ಮದ್ರಾಸಿನ ವರ್ಷಗಳು ದೊಡ್ಡ ಹುದ್ದೆಗಳಲ್ಲಿ ಕಳೆದವು. ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಆಪ್ತ ಕಾರ್ಯದರ್ಶಿ, ಆಮೇಲೆ ಗುಂಟೂರಿನ ಕಮಿಷನರ್, 1854ರಿಂದ ಗವರ್ನರ್ ಕೌನ್ಸಿಲ್ ಸದಸ್ಯ. ಗುಂಟೂರಿನಲ್ಲಿ ಇದ್ದಾಗ 1845ರಲ್ಲಿ ಅಮರಾವತಿಯ ಸ್ತೂಪ ಅಗೆಸಿ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದರು. ಅವು ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದು ಕೊನೆಗೆ ಲಂಡನ್ ಸೇರಿದವು. ಉಳಿಸಿದರು ಅನ್ನಬೇಕೋ ಒಯ್ದರು ಅನ್ನಬೇಕೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. 1858ರ ನವೆಂಬರಿನಲ್ಲಿ ಕಂಪನಿ ರಾಜ್ಯ ಹೋಗಿ ರಾಣಿಯ ರಾಜ್ಯ ಬಂದಾಗ ಗವರ್ನರ್ ಕಾಯಿಲೆ ಬಿದ್ದಿದ್ದರು. ಮದ್ರಾಸಿನಲ್ಲಿ ಆ ಘೋಷಣೆಯ ಹೊಣೆ ಎಲಿಯಟ್ ಮೇಲೆ ಬಂತು. ಇಷ್ಟರ ನಡುವೆಯೂ ನಾಣ್ಯದ ಕೆಲಸ ನಿಂತಿರಲಿಲ್ಲ. ಮದ್ರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ 1857-58ರ ಸುಮಾರಿಗೆ ನಾಣ್ಯಗಳ ಮೇಲೆ ಅವರ ಬರಹಗಳು ಬಂದವು.

ಅದೇ ಹೊತ್ತಿಗೆ ಪುಸ್ತಕದ ಕಪಾಟಿಗೂ ಒಂದೊಂದೇ ಸೇರುತ್ತಿತ್ತು. 1856ರಲ್ಲಿ ಬೆಂಗಳೂರಿನಲ್ಲಿ ಹಾಕ್ಸ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ನಾಣ್ಯಗಳ ಮೇಲೆ ಒಂದು ಚಿಕ್ಕ ಪುಸ್ತಕ ತಂದರು. ಇಕ್ಕೇರಿಯ ವರಹ ಮತ್ತು ಹೈದರ್ ಅಲಿಯ ವರಹ ಎರಡರ ಮೇಲೂ ಶಿವ ಪಾರ್ವತಿ ಕೂತಿರುತ್ತಾರೆ. ಪೇಟೆಯ ನಂಬಿಕೆ ಕೆಡಬಾರದು ಅಂತ ಹೈದರ್ ಹಳೇ ಮುದ್ರೆಯನ್ನೇ ಉಳಿಸಿಕೊಂಡಿದ್ದ. ಹಿಂಭಾಗದಲ್ಲಿ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ ಒಂದೇ ವ್ಯತ್ಯಾಸ. ಇದನ್ನು ತೋರಿಸಿಕೊಡುವ ಪುಸ್ತಕ ಇಲ್ಲದಿದ್ದರೆ ಎರಡೂ ಒಂದೇ ಡಬ್ಬಿಗೆ ಬೀಳುತ್ತವೆ. 1883ರಲ್ಲಿ ಮದ್ರಾಸಿನ ಬಿಡೀ ಎಂಬ ವೈದ್ಯರು ವರಹಗಳ ಮೇಲೆಯೇ ಲೇಖನ ಬರೆದರು. ಆದರೆ ಇಡೀ ದಕ್ಷಿಣಕ್ಕೆ ಒಂದೇ ಪುಸ್ತಕ ಅಂತ ಇನ್ನೂ ಬಂದಿರಲಿಲ್ಲ.

ನಿವೃತ್ತರಾಗಿ ವುಲ್ಫ್‌ಲೀ ಮನೆಗೆ ಹೋದ ಎಲಿಯಟ್ ಮುಂದೆ ಇದ್ದ ಕೆಲಸ ಅದೊಂದೇ. ಮಾರ್ಸ್‌ಡನ್ ಅವರ ಹಳೇ ಪುಸ್ತಕವನ್ನು ಹೊಸದಾಗಿ ಕಟ್ಟಬೇಕು ಅಂತ ಎಡ್ವರ್ಡ್ ಥಾಮಸ್ ಎಂಬ ವಿದ್ವಾಂಸರು 1870ರ ದಶಕದಲ್ಲಿ ಒಂದು ಮಾಲೆ ಶುರು ಮಾಡಿದರು. ಒಂದೊಂದು ದೇಶದ ಭಾಗವನ್ನು ಬಲ್ಲವರಿಂದ ಬರೆಸುವುದು ಯೋಜನೆ. ದಕ್ಷಿಣ ಭಾರತ ಎಲಿಯಟ್ ಪಾಲಿಗೆ ಬಂತು. ಬರಬೇಕಾದದ್ದೇ. ಆದರೆ ನಾಣ್ಯದ ಕೆಲಸ ಅಂದ್ರೆ ಪೂರ್ತಿ ಕಣ್ಣಿನ ಕೆಲಸ. ಜೋಳದ ಕಾಳಿನಷ್ಟು ಪಣದ ಮೇಲಿನ ಗೀರು ಅಕ್ಷರವೋ ಸವೆತವೋ ಅಂತ ನೋಡಿಯೇ ಹೇಳಬೇಕು. ಅಂಥ ಹೊತ್ತಲ್ಲೇ ಅವರ ದೃಷ್ಟಿ ಕುಗ್ಗುತ್ತಾ ಬಂದು, ಕೊನೆಯ ವರ್ಷಗಳಲ್ಲಿ ಹೆಚ್ಚೂಕಡಿಮೆ ಕುರುಡೇ ಆಯಿತು. ಬೇರೆಯವರು ಓದಿ ಹೇಳಬೇಕು, ಇವರು ಬಾಯಲ್ಲಿ ಹೇಳಿ ಬರೆಸಬೇಕು. ಅರವತ್ತು ವರ್ಷದ ನೆನಪು ಆಗ ಕೈಹಿಡಿಯಿತು.

'ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ' 1886ರಲ್ಲಿ ಲಂಡನ್ನಿನ ಟ್ರೂಬ್ನರ್ ಕಂಪನಿಯಿಂದ ಹೊರಬಂತು. ದಪ್ಪ ಪುಸ್ತಕ ಅಲ್ಲ, ಚಿತ್ರಫಲಕ ನಾಲ್ಕೇ ನಾಲ್ಕು. ಅದರೊಳಗೆ ಮುದ್ರೆ ಒತ್ತಿದ ಪುರಾತನ ಬಿಲ್ಲೆಗಳಿಂದ ಹಿಡಿದು ಚಾಲುಕ್ಯ, ಕದಂಬ, ಹೊಯ್ಸಳ, ವಿಜಯನಗರ, ಚೋಳ, ಪಾಂಡ್ಯರ ತನಕ ಇದೆ. ತಪ್ಪುಗಳೂ ಇವೆ. ಹಡಗಿನ ಚಿತ್ರದ ಸೀಸದ ನಾಣ್ಯಗಳನ್ನು ಎಲಿಯಟ್ ಕುರುಂಬರು, ಪಲ್ಲವರ ಲೆಕ್ಕಕ್ಕೆ ಹಾಕಿದ್ದರು. ಅವು ಶಾತವಾಹನರವು ಅಂತ ಆಮೇಲಿನವರು ತೀರ್ಮಾನಿಸಿದರು. ಮೊದಲು ದಾರಿ ಕಡಿಯುವವರ ಕಾಲಿಗೆ ಮುಳ್ಳು ಚುಚ್ಚೋದು ಇದ್ದದ್ದೇ.

ದಾರಿ ಆದ ಮೇಲೆ ನಡೆಯುವವರಿಗೆ ಬರ ಇರಲಿಲ್ಲ. ಮೂರೇ ವರ್ಷದಲ್ಲಿ, 1889ಕ್ಕೆ, ಟಫ್ನೆಲ್ ಎಂಬ ಸೇನಾಧಿಕಾರಿ ದಕ್ಷಿಣದಲ್ಲಿ ನಾಣ್ಯ ಕೂಡಿಸುವವರಿಗೆ ಅಂತಲೇ ಕೈಪಿಡಿ ಬರೆದರು. ಹೈದರ್-ಟಿಪ್ಪು ನಾಣ್ಯಗಳ ಮೇಲೆ ಹೆಂಡರ್ಸನ್ ಪುಸ್ತಕ 1921ರಲ್ಲಿ ಬಂತು. ಡಾ. ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಮೇಲೆಯೇ ಪೂರ್ಣ ಗ್ರಂಥ ಕೊಟ್ಟದ್ದು 1975ರಲ್ಲಿ. ಈಗ ಹವ್ಯಾಸ ಹತ್ತಿಸಿಕೊಳ್ಳುವ ಹುಡುಗರು ಎಲಿಯಟ್ ಪುಸ್ತಕಕ್ಕೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಮೊಬೈಲಿನಲ್ಲೇ ಪುಕ್ಕಟೆ ಇಳಿಸಿಕೊಂಡು ಓದಬಹುದು.

ಪುಸ್ತಕ ಬಂದ ಮರುವರ್ಷ, 1887ರ ಮಾರ್ಚ್ 1. ಎಲಿಯಟ್ ಬೆಳಿಗ್ಗೆ ಒಂದು ಪತ್ರ ಹೇಳಿ ಬರೆಸಿದರು. ತಿರುಕ್ಕುರಳ್ ಅನುವಾದ ಮಾಡಿದ ಜಿ.ಯು. ಪೋಪ್ ಅವರಿಗೆ. ಅವರ ಗ್ರಂಥ ಬರಲಿದೆ ಎಂಬ ಸುದ್ದಿಯನ್ನು ಹಿಂದಿನ ದಿನ ಯಾರೋ ಓದಿ ಹೇಳಿದ್ದು ಕೇಳಿ ಖುಷಿಯಾಯಿತು ಅಂತ ಬರೆಸಿ, ಬಹಳ ಹಿಂದೆ ತಾವು ಕೂಡಿಸಿಟ್ಟ ಎಲ್ಲಿಸ್ ಎಂಬ ಹಳೇ ತಮಿಳು ಪಂಡಿತರ ಚೂರುಪಾರು ಕಾಗದಗಳನ್ನು ಉಪಯೋಗಕ್ಕೆ ತರುವ ದಾರಿ ಏನಾದರೂ ಇದೆಯಾ ಅಂತ ವಿಚಾರಿಸಿದ್ದರು. ಕಣ್ಣು ಕಾಣದಿದ್ದರೂ ಸಹಿ ಮಾತ್ರ ತಮ್ಮ ಕೈಯಿಂದಲೇ ಹಾಕಿದರು. ಆ ಸಂಜೆ ವುಲ್ಫ್‌ಲೀ ಮನೆಯಲ್ಲಿ ತೀರಿಕೊಂಡರು.